ಮೂವತ್ತೊಂದು ದಿನದ ಸಪ್ಪೆ ಗಂಜಿ

ಬೈಕಾಡಿ, ಬ್ರಹ್ಮಾವರ
3 ಮಾರ್ಚ್ 2025

ಮೋಕ್ಷಿತಾಳ ಅಪ್ಪಯ್ಯನಿಗೆ,

ನನ್ನ ಅಣ್ಣ ಅಶೋಕನ ಫೋನಿಗೆ ನೀವು ಮೂರು ಸಲ ಕರೆ ಮಾಡಿದಿರಂತೆ. ನಾನು ಫೋನಿನಲ್ಲಿ ಮಾತಾಡುವುದಿಲ್ಲ. ಕೋಪದಿಂದಲ್ಲ. ನಿಮ್ಮ ಸ್ವರ ಕೇಳಿದರೆ ನನಗೆ ಕಳೆದ ಆಸಾಡಿ ತಿಂಗಳು ನೆನಪಾಗುತ್ತದೆ. ನಾನು ಅಮ್ಮನನ್ನು ನೋಡಲು ಎರಡು ದಿನಕ್ಕೆಂದು ಇಲ್ಲಿಗೆ ಬಂದಿದ್ದೆ. ಒಂದೇ ಹಗಲಿನಲ್ಲಿ ಎಪ್ಪತ್ತಮೂರು ಕರೆ ಮಾಡಿದ್ದಿರಿ. ಎಪ್ಪತ್ತನಾಲ್ಕನೆಯದು ನೆರೆಮನೆಯ ಶೀನಣ್ಣನದು. "ಯೋಗೀಶ ಮಗಿನ್ನ ದೋಣೀಲ್ ಕೂರ್ಸ್ಕಂಡ್ ಅಳಿವೆ ದಾಟ್ದ, ನಾವ್ ಹಗ್ಗ ಬಿಟ್ಟ್ ಎಳ್ದೊ" ಅಂದರು. ಊರಿನ ಎಲ್ಲ ದೋಣಿಗಳು ದಡ ಹತ್ತಿ ಕುಳಿತ ಮಳೆಗಾಲ ಅದು. ನೀವು ಕರೆದರೆ ಮೀನು ಬರುತ್ತದೆ ಎಂದು ಮಗಳಿಗೆ ತೋರಿಸಲು ಹೋಗಿದ್ದಿರಂತೆ. ಅವಳಿಗೆ ಆರು ವರ್ಷ. ಈಗಲೂ ತಲೆಗೆ ನೀರು ಹಾಕಿದರೆ ಕಿರುಚುತ್ತಾಳೆ.

ಅದು ಕಾಯಿಲೆ, ನೀವಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಂಬಿದ್ದೇನೆ. ಆದರೆ ನಂಬಿಕೆ ಸಾಲುವುದಿಲ್ಲ, ನನಗೆ ನೋಡಬೇಕು. ಆದ್ದರಿಂದ ಪತ್ರ ಬರೆಯಿರಿ. ಇನ್‌ಲ್ಯಾಂಡ್ ಲೆಟರ್‌ನಲ್ಲಿ ಮಾತ್ರ. ಹೆಚ್ಚಿನ ಹಾಳೆ ಸೇರಿಸಬಾರದು, ಅಂಚಿನಲ್ಲಿ ಬರೆಯಬಾರದು. ಆಸಾಡಿಯಲ್ಲಿ ನೀವು ಗೋಡೆಯ ಮೇಲೆ ಬರೆದ ಅಕ್ಷರ ಒಂದೊಂದೂ ಗೇಣುದ್ದ ಇತ್ತು. ಅಕ್ಷರ ನೋಡಿದರೆ ನನಗೆ ತಿಳಿಯುತ್ತದೆ.

ಜೂನ್‌ನಲ್ಲಿ ಅವಳನ್ನು ಒಂದನೇ ತರಗತಿಗೆ ಸೇರಿಸಬೇಕು. ಕೊಡೇರಿಯ ಶಾಲೆಗೋ ಇಲ್ಲಿಯದಕ್ಕೋ, ಮೇ ತಿಂಗಳ ಒಳಗೆ ತೀರ್ಮಾನ ಮಾಡುತ್ತೇನೆ.

ಅತ್ತೆಯವರಿಗೆ ನಮಸ್ಕಾರ ಹೇಳಿ.

ರಮಿತಾ


ಕೊಡೇರಿ
8 ಮಾರ್ಚ್ 2025

ರಮಿತಾ,

ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಕೇಳಿದಾಗ ಅಲ್ಲಿಯವರು ನನ್ನ ಮುಖ ನೋಡಿದರು. "ಎಂತಕೆ ಮಾರಾಯ, ವಾಟ್ಸಾಪ್ ಹಾಳಾಯ್ತಾ?" ಎಂದರು. ಹತ್ತು ತೆಗೆದುಕೊಂಡಿದ್ದೇನೆ.

ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಎರಡು. ಅಮ್ಮ ಎದುರಿಗೆ ನಿಂತು ನುಂಗಿಸುತ್ತಾಳೆ. ಹತ್ತು ಗಂಟೆಗೆ ಮಲಗುತ್ತೇನೆ, ಐದಕ್ಕೆ ಏಳುತ್ತೇನೆ. ಕಡಲಿಗೆ ಹೋಗುತ್ತಿಲ್ಲ. ದಡದಲ್ಲಿ ಕೂತು ಬಲೆ ಕಟ್ಟುವ ಕೆಲಸ ಶೀನಣ್ಣ ಕೊಟ್ಟಿದ್ದಾರೆ. ಕೈ ಸಣ್ಣಗೆ ನಡುಗುತ್ತದೆ, ಸೂಜಿಗೆ ನೂಲು ಪೋಣಿಸಲು ಎರಡು ಸಲ ಬೇಕು. ಅದು ಮಾತ್ರೆಯಿಂದ, ಹೆದರಬೇಕಾದ್ದಲ್ಲ ಎಂದು ಡಾಕ್ಟರ್ ಪೂಜಿತಾ ಹೇಳಿದ್ದಾರೆ. ತುಂಬ ಬಾಯಾರಿಕೆ. ಇನ್ನೇನೂ ಇಲ್ಲ.

ಈಗ ಕಡಲು ನೋಡಿದರೆ ಕಡಲು ಮಾತ್ರ ಕಾಣುತ್ತದೆ. ಮೊದಲು ಅದರಲ್ಲಿ ಬೇರೆ ಏನೇನೋ ಇರುತ್ತಿತ್ತು.

ಯೋಗೀಶ್


ಬೈಕಾಡಿ
17 ಮಾರ್ಚ್ 2025

ಮೋಕ್ಷಿತಾಳ ಅಪ್ಪಯ್ಯನಿಗೆ,

ಪತ್ರ ಬಂತು. ಅಕ್ಷರ ಸಣ್ಣದಾಗಿದೆ, ಸಾಲು ನೆಟ್ಟಗಿದೆ. ಅಮ್ಮನಿಗೂ ತೋರಿಸಿದೆ. "ಶಾಲಿ ಮಾಸ್ಟ್ರ್ ಬರ್ದಾಂಗ್ ಇತ್ತಲೆ" ಎಂದರು. ಆ ದಿನ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವಾಗ ಪಕ್ಕದವಳು ಎಂತದೋ ಚೇಷ್ಟೆ ಮಾಡಿದ್ದಕ್ಕೆ ನಾನು ನಕ್ಕೆ. ತುಂಬ ದಿನವಾಗಿತ್ತು.

ಒಂದು ಮಾತು. ಮಗಳ ಬಗ್ಗೆ ನೀವು ಒಂದು ಅಕ್ಷರವನ್ನೂ ಕೇಳಿಲ್ಲ. ಬಲೆ, ಸೂಜಿ, ಬಾಯಾರಿಕೆ ಎಲ್ಲ ಇದೆ. ಅವಳಿಲ್ಲ. ಮಾತ್ರೆ ತಿಂದರೆ ಮಗಳೂ ಮರೆತುಹೋಗುತ್ತಾಳೆಯೇ? ಹಾಗಾದರೆ ಆ ಮಾತ್ರೆ ಒಳಗೆ ಹೋಗಿ ಮಾಡುವುದೇನು?

ರಮಿತಾ


ಕೊಡೇರಿ
24 ಮಾರ್ಚ್ 2025

ರಮಿತಾ,

ಅವಳ ಬಗ್ಗೆ ಕೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ತಿಳಿಯಲಿಲ್ಲ. ಆದ್ದರಿಂದ ಬರೆಯಲಿಲ್ಲ. ಮರೆತಿಲ್ಲ.

ನೀನು ಕೇಳಿದ್ದನ್ನೇ ಗುರುವಾರ ಕುಂದಾಪುರಕ್ಕೆ ಹೋದಾಗ ಡಾಕ್ಟರಿಗೆ ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೆದುಳಿನಲ್ಲಿ ಒಂದು ಜೀವಕಣ ಇನ್ನೊಂದಕ್ಕೆ ಸುದ್ದಿ ಕೊಡುವುದು ರಾಸಾಯನಿಕದ ಮೂಲಕ. ಸುದ್ದಿ ಕಣದ ಬಾಗಿಲಿಗೆ ಬಂದ ಮೇಲೆ ಒಳಗೆ ಅದನ್ನು ದೊಡ್ಡದು ಮಾಡಿ ಮುಟ್ಟಿಸುವ ಬೇರೆ ರಾಸಾಯನಿಕಗಳಿವೆ. ಬಂದರಿನಲ್ಲಿ ಏಲಂ ಕೂಗುವವನ ಹಾಗೆ ಅಂದುಕೋ. ಬಂದದ್ದು ಒಂದು ಬುಟ್ಟಿ ಬಂಗುಡೆ, ಅವನ ಕೂಗು ಇಡೀ ದಡಕ್ಕೆ. ನನ್ನಲ್ಲಿ ಕಾಯಿಲೆ ಏರಿದಾಗ ಆ ಕೂಗು ನಿಲ್ಲುವುದಿಲ್ಲ. ಇಳಿದಾಗ ಕೂಗುವವನೇ ಇರುವುದಿಲ್ಲ. ನಾನು ತೆಗೆದುಕೊಳ್ಳುವ ಮಾತ್ರೆ ಲಿಥಿಯಂ. ಅದು ಸುದ್ದಿಯನ್ನು ತಡೆಯುವುದಿಲ್ಲ, ಒಳಗಿನ ಕೂಗನ್ನು ತಗ್ಗಿಸುತ್ತದೆ. ನಿದ್ದೆ ಮಾತ್ರೆಯಲ್ಲ ಅದು. ಒಂದು ದಿನದಲ್ಲಿ ಆಗುವ ಕೆಲಸವೂ ಅಲ್ಲ, ವಾರಗಟ್ಟಲೆ ಬೇಕು. ಹೇಗೆ ಮಾಡುತ್ತದೆ ಎಂಬುದು ತಿಳಿದವರಿಗೂ ಪೂರ್ತಿ ತಿಳಿದಿಲ್ಲವಂತೆ.

ಅದು ಕಲ್ಲಿನಿಂದ ತೆಗೆಯುವ ಒಂದು ಜಾತಿಯ ಉಪ್ಪು. ಇದನ್ನು ಹೇಳಿದಾಗ ಅಮ್ಮ ಒಣಮೀನು ಮಗುಚುತ್ತ ನಕ್ಕಳು. "ಉಪ್ಪ್ ಬೇಕಾರೆ ಕುಂದಾಪುರಕ್ ಹೋಯ್ಕಿದಿತ್ತಾ? ನಾನೇ ಕೊಡ್ತಿದ್ದೆ" ಎಂದಳು.

ರಕ್ತದಲ್ಲಿ ಅದರ ಮಟ್ಟ 0.8 ಇದೆ. ಸರಿಯಾಗಿದೆ. ಮುಂದಿನ ಪರೀಕ್ಷೆ ಜೂನ್‌ನಲ್ಲಿ. ನನ್ನ ಆಸ್ಪತ್ರೆಯ ಫೈಲು ನಿನ್ನ ಹತ್ತಿರ ಇದೆಯೇ? ಡಾಕ್ಟರು ಕೇಳಿದರು.

ಅವಳ ಹಲ್ಲು ಬಿದ್ದಿದೆಯೇ?

ಯೋಗೀಶ್


ಬೈಕಾಡಿ
2 ಏಪ್ರಿಲ್ 2025

ಮೋಕ್ಷಿತಾಳ ಅಪ್ಪಯ್ಯನಿಗೆ,

ಮೇಲಿನ ಎರಡು ಹಲ್ಲು ಬಿದ್ದಿವೆ. ಫೈಲು ನನ್ನ ಹತ್ತಿರವೇ ಇದೆ. ಅವಳ ಜನನ ಪತ್ರ, ಆಧಾರ್ ಎಲ್ಲ ಅದೇ ಹಳದಿ ಫೈಲಿನಲ್ಲಿತ್ತು, ಹೊರಡುವ ಗಡಿಬಿಡಿಯಲ್ಲಿ ಇಡಿಯಾಗಿ ಎತ್ತಿಕೊಂಡು ಬಂದೆ. ಬರುವಾಗ ತರುತ್ತೇನೆ.

ಬರುವಾಗ ಎಂದು ಬರೆದೆ. ನೀವು ಎರಡು ಸಲ ಓದುತ್ತೀರಿ ಎಂದು ಗೊತ್ತು.

ಮಾತ್ರೆಯ ವಿಷಯ ತಿಳಿಯಿತು. ಆದರೆ ಕೂಗು ತಗ್ಗಿಸುವುದು ಮಾತ್ರ ಅದರ ಕೆಲಸವಾದರೆ, ಕೂಗುವವನು ಅಲ್ಲೇ ಇದ್ದಾನೆ ಎಂದಾಯಿತಲ್ಲ? ನನಗೆ ಭಯ ಹೋಗುವುದಿಲ್ಲ. ಭಾನುವಾರ ನಮ್ಮ ಮನೆಯ ದೈವದ ಎದುರು ನಿಂತು ನಿಮ್ಮ ಹೆಸರಿನಲ್ಲಿ ಒಂದು ಹರಕೆ ಹೇಳಿಕೊಂಡೆ. ವಿಷುವಿನಿಂದ ನಲವತ್ತೆಂಟು ದಿನ ನೀವು ಉಪ್ಪು ಮುಟ್ಟುವುದಿಲ್ಲ ಎಂದು. ಸಪ್ಪೆ ಗಂಜಿ, ಸಪ್ಪೆ ಪಲ್ಯ. ಒಣಮೀನು, ಉಪ್ಪಿನಕಾಯಿ ಯಾವುದೂ ಇಲ್ಲ. ಅಜ್ಜ ಕಡಲಿನಲ್ಲಿ ಕಾಣೆಯಾಗಿದ್ದಾಗ ನನ್ನ ಅಜ್ಜಿ ಹೀಗೆಯೇ ಮಾಡಿದ್ದರು. ಮೂವತ್ತನೇ ದಿನ ಅಜ್ಜ ಮಲ್ಪೆಯಲ್ಲಿ ಇಳಿದರು. ಉಪ್ಪಿನಲ್ಲಿ ಬದುಕುವವರು ಬಿಡಬೇಕಾದ್ದು ಉಪ್ಪನ್ನೇ ಎನ್ನುತ್ತಿದ್ದರು.

ಮೇ ಮೂವತ್ತೊಂದಕ್ಕೆ ಮುಗಿಯುತ್ತದೆ. ಮುಗಿದ ಮಾರನೇ ದಿನ ನಾನು ಮಗಳನ್ನು ಕರೆದುಕೊಂಡು ಕೊಡೇರಿಗೆ ಬರುತ್ತೇನೆ.

ಹರಕೆ ಮುಗಿಯುವವರೆಗೆ ಹೊರಗೆ ಬಾಯಿ ಬಿಡಬಾರದು. ಅತ್ತೆಗೆ ಹೇಳಿ, ಅಡಿಗೆ ಅವರದಲ್ಲವೇ. ಬೇರೆ ಯಾರಿಗೂ ಬೇಡ. ಡಾಕ್ಟರಿಗೂ ಬೇಡ, ಅವರು ನಗಬಹುದು.

ಮನೆ ಬಿಟ್ಟು ಬಂದ ಈ ಎಂಟು ತಿಂಗಳಲ್ಲಿ ನಾನು ಕೇಳುತ್ತಿರುವುದು ಇದೊಂದೇ.

ರಮಿತಾ


ಕೊಡೇರಿ
7 ಏಪ್ರಿಲ್ 2025

ರಮಿತಾ,

ಆಗಲಿ. ವಿಷುವಿನಂದು ಹಿಡಿಯುತ್ತೇನೆ.

ಅಮ್ಮನಿಗೆ ಹೇಳಿದೆ. "ನಲ್ವತ್ತೆಂಟ್ ದಿನ ನೀನ್ ಸಪ್ಪಿ ಉಂಬ್ದ್, ನಾನ್ ಎದ್ರಿಗ್ ಕೂಕಂಡ್ ಉಪ್ಪ್‌ಮೀನ್ ತಿಂಬ್ದಾ? ಸಾಕ್ ಮಾರಾಯ" ಎಂದಳು. ಅವಳು ಅಡಿಗೆಮನೆಯ ಹಿಂದೆ ಕೂತು ಉಣ್ಣುತ್ತಾಳಂತೆ.

ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಹಾಕದಿರಲು ಅವಳಿಗೆ ಹೇಳು. ಹೊಸದು ಸೊಟ್ಟ ಬರುತ್ತದೆ.

ಒಂದು ವಿಷಯ ಕೇಳಬೇಕಿತ್ತು. ಜಾಗ ಮುಗಿಯಿತು.

ಯೋಗೀಶ್


ಕೊಡೇರಿ
25 ಏಪ್ರಿಲ್ 2025

ರಮಿತಾ,

ಇಂದಿಗೆ ಹನ್ನೆರಡು ದಿನ. ಮೊದಲ ಮೂರು ದಿನ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಈಗ ರೂಢಿಯಾಗಿದೆ. ಸೆಕೆ ಜಾಸ್ತಿ, ಬೆವರು ತುಂಬ. ಮಧ್ಯಾಹ್ನ ಬಲೆಯ ಮೇಲೆ ಹನಿ ಬೀಳುತ್ತದೆ. ನಿನ್ನೆ ಹಾಗೆ ಬಿದ್ದ ಬೆವರು ನಾಲಿಗೆಗೆ ತಾಗಿತು. ಉಪ್ಪು. ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ಅಮ್ಮನನ್ನು ಕೇಳಿದೆ. "ನಿನ್ ಉಪ್ಪ್ ನೀನ್ ತಿಂದ್ರೆ ದೈವ ಎಂತ ಹೇಳತ್ತ್?" ಎಂದಳು.

ಹೊಟ್ಟೆ ಎರಡು ದಿನದಿಂದ ಸರಿಯಿಲ್ಲ. ಬೇಸಿಗೆಯ ನೀರಿನಿಂದ ಇರಬೇಕು.

ಗೋಡೆಗೆ ಸುಣ್ಣ ಬಳಿಯುತ್ತಿದ್ದೇನೆ. ಆ ಅಕ್ಷರಗಳು ಎರಡು ಕೈ ಹೊಡೆದರೂ ಕೆಳಗಿನಿಂದ ಕಾಣುತ್ತವೆ. ನೀವು ಬರುವುದರೊಳಗೆ ಮೂರನೆಯದು ಹೊಡೆಯುತ್ತೇನೆ.

ಯೋಗೀಶ್


ಬೈಕಾಡಿ
1 ಮೇ 2025

ಮೋಕ್ಷಿತಾಳ ಅಪ್ಪಯ್ಯನಿಗೆ,

ಈ ಸಲದ ಪತ್ರ ಕೆಲಸದಿಂದ ಬಂದು ನಿಂತಲ್ಲೇ ಬಿಡಿಸಿದೆ. ಆಮೇಲೆ ನಿಮ್ಮ ಹಳೆಯ ಪತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಸಾಲು ಬಲಕ್ಕೆ ಹೋಗುತ್ತ ಕೆಳಗೆ ಇಳಿದಿದೆ. 'ಸುಣ್ಣ'ದಲ್ಲಿ ಒತ್ತಕ್ಷರ ಬೇರೆ ಕಡೆ ಹೋಗಿ ಕೂತಿದೆ. ಅಕ್ಷರ ದೊಡ್ಡದಾಗಿಲ್ಲ, ಅದೊಂದು ಸಮಾಧಾನ. ಆದರೆ ಇದು ಮಾರ್ಚ್‌ನ ಕೈಯಲ್ಲ.

ನಿಜ ಹೇಳಿ. ಮಾತ್ರೆ ಬಿಟ್ಟಿದ್ದೀರಾ? ಕಡಲಿನಲ್ಲಿ ಮೊದಲಿದ್ದದ್ದು ಈಗ ಕಾಣುವುದಿಲ್ಲ ಎಂದು ಬರೆದಿದ್ದಿರಲ್ಲ, ಅದಕ್ಕಾಗಿ ಆಸೆಪಟ್ಟು ಬಿಟ್ಟಿರಾ? ಮಾತ್ರೆ ಒಂದೇ ಒಂದು ಹೊತ್ತೂ ತಪ್ಪಬಾರದು. ನನ್ನ ಮೇಲೆ ಆಣೆ.

ಅವಳು ನಿಮಗೆ ಒಂದು ದೋಣಿ ಬರೆದಿದ್ದಾಳೆ. ದೋಣಿಯಲ್ಲಿ ಯಾರೂ ಇಲ್ಲ. ಕೇಳಿದರೆ, "ಎಲ್ಲ ಇಳ್ದಾಯ್ತ್" ಎಂದಳು. ಇನ್‌ಲ್ಯಾಂಡ್ ಒಳಗೆ ಏನೂ ಇಡಬಾರದಲ್ಲ, ಇಲ್ಲೇ ಇಟ್ಟಿದ್ದೇನೆ.

ರಮಿತಾ


ಕೊಡೇರಿ
5 ಮೇ

ರಮಿತಾ,

ಒಂದೂ ಬಿಟ್ಟಿಲ್ಲ. ಅಮ್ಮನನ್ನು ಕೇಳು. ಮಗಳ ಮೇಲೆ ಆಣೆ.

ಬಿಟ್ಟಿಲ್ಲ ಮಾತ್ರವಲ್ಲ. ಕೆಲವು ದಿನ ತೆಗೆದುಕೊಂಡೆನೋ ಇಲ್ಲವೋ ಎಂದು ನೆನಪು ಬರುವುದಿಲ್ಲ. ಅಮ್ಮ ಒಣಮೀನಿನ ಬುಟ್ಟಿ ಹೊತ್ತು ವಂಡ್ಸೆಯ ಕಡೆ ಹೋದ ದಿನ ನೋಡುವವರಿಲ್ಲ. ತಪ್ಪಬಾರದು ಎಂದು ನೀನು ಬರೆದಿದ್ದೀ. ಅನುಮಾನ ಬಂದರೆ ಇನ್ನೊಂದು ತೆಗೆದುಕೊಳ್ಳುತ್ತೇನೆ. ಆದ್ದರಿಂದ ನೀನು ಹೆದರಬೇಡ.

ಕೈ ಸ್ವಲ್ಪ ಜಾಸ್ತಿ ನಡುಗುತ್ತದೆ. ಶೀನಣ್ಣ, "ನೀನ್ ಸುಧಾರ್ಸ್ಕೊ, ಬಲಿ ಎಲ್ಲಿಗೂ ಓಡತಿಲ್ಲ" ಎಂದು ಸೂಜಿ ಇಸಕೊಂಡರು. ಉಂಡದ್ದು ನಿಲ್ಲುವುದಿಲ್ಲ. ಹರಕೆ ಹಿಡಿದಾಗ ಮೈಯ ಕೊಳೆ ಹೊರಗೆ ಹೋಗುತ್ತದೆ ಎಂದು ಅಮ್ಮ ಹೇಳುತ್ತಾಳೆ.

ನಾಳೆ ಕುಂದಾಪುರಕ್ಕೆ ಹೋಗುವ ದಿನವಿತ್ತು. ಡಾಕ್ಟರು ಊಟದ ವಿಷಯ ಕೇಳುತ್ತಾರೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹರಕೆ ಮುಗಿಸಿಕೊಂಡೇ ಹೋಗುತ್ತೇನೆ.

ಆ ದೋಣಿ ನನಗೆ ಬೇಕು.

ಯೋಗೀಶ್


ಬೈಕಾಡಿ
9 ಮೇ 2025

ಯೋಗೀಶರಿಗೆ,

ನಿನ್ನೆ ಅಶೋಕಣ್ಣ ಮೀನಿನ ಟೆಂಪೊ ತೆಗೆದುಕೊಂಡು ಬೈಂದೂರಿಗೆ ಹೋಗಿದ್ದ. ನಿಮ್ಮನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಕಂಡನಂತೆ. ಹಗಲು ಹನ್ನೊಂದು ಗಂಟೆ. ಗೋಡೆ ಹಿಡಿದು ನಡೆಯುತ್ತಿದ್ದಿರಿ. ಅವನು ಇಳಿದು, "ಹ್ವಾಯ್, ಭಾವ, ಎಂತ ಅವಸ್ಥೆ?" ಎಂದು ಕೇಳಿದರೆ ನಿಮ್ಮ ನಾಲಿಗೆ ಹೊರಳಲಿಲ್ಲವಂತೆ. ಬಾಯಿ ವಾಸನೆ ನೋಡಲು ಹತ್ತಿರ ಬಂದಾಗ ನೀವು ಮುಖ ತಿರುಗಿಸಿದಿರಂತೆ.

ಅವನು ಮನೆಗೆ ಬಂದು ಜಗಲಿಯಲ್ಲಿ ಕೂತು ಎಲ್ಲರ ಎದುರು ಹೇಳಿದ. "ಉಪ್ಪ್ ಬಿಟ್ಟಿದ್ನೋ ಇಲ್ಯೋ, ಗಡಂಗ್ ಅಂತೂ ಬಿಡ್ಲಿಲ್ಲ ನಿನ್ ಗಂಡ." ಹರಕೆಯ ವಿಷಯ ಅವನಿಗೆ ಹೇಗೆ ತಿಳಿಯಿತೋ. ಅಮ್ಮನ ಕೆಲಸ ಇರಬೇಕು. ಮೋಕ್ಷಿತಾ ಅಲ್ಲೇ ಇದ್ದಳು.

ಮದುವೆಯಾಗಿ ಎಂಟು ವರ್ಷದಲ್ಲಿ ನೀವು ಕುಡಿದದ್ದು ನಾನು ಕಂಡಿಲ್ಲ. ಆ ಒಂದು ವಿಷಯದಲ್ಲಿ ನಾನು ಎಲ್ಲರೆದುರು ತಲೆ ಎತ್ತಿ ಮಾತಾಡುತ್ತಿದ್ದೆ. ಅದನ್ನೂ ತೆಗೆದಿರಿ.

ಮಗಳ ಮೇಲೆ ಆಣೆ ಇಟ್ಟಿರಲ್ಲ. ಇನ್ನು ಅವಳ ಹೆಸರು ಬರೆಯಬೇಡಿ. ಅವಳನ್ನು ಇಲ್ಲಿಯ ಶಾಲೆಗೆ ಸೇರಿಸುತ್ತೇನೆ.

ರಮಿತಾ


12

ರಮಿತಾ

ಕುಡಿಯಲಿಲ್ಲ. ಡಾಕ್ಟರ ಹತ್ತಿರ ಹೋಗಲು ಹೊರಟಿದ್ದೆ. ಹರಕೆ ಇದೆ ಎಂದು ತಿರುಗಿದೆ.

ಸಾಲು ನೇರ ಬರಲಿ ಎಂದು ಕೆಳಗೆ ಸ್ಕೇಲು ಇಟ್ಟು ಬರೆಯುತ್ತಾ ಇದ್ದೇನೆ. ಅಕ್ಷರ ಎರಡೆರಡು ಕಾಣುತ್ತದೆ.

ಇಪ್ಪತ್ತೊಂಬತ್ತು ದಿನ ಆಯಿತು. ಹತ್ತೊಂಬತ್ತು ಇದೆ. ಮುಗಿಸುತ್ತೇನೆ.

ಶಾಲೆ ಇಲ್ಲಿ ಹತ್ತಿರ ಇದೆ. ಸುಣ್ಣ ಮೂರನೇ ಕೈ ಆಗಲಿಲ್ಲ

ಮಾತ್ರೆ ತಪ್ಪಿಸಲಿಲ್ಲ


ಆಸ್ಪತ್ರೆಯ ಮೊಗಸಾಲೆ
18 ಮೇ 2025

ಮೋಕ್ಷಿತಾಳ ಅಪ್ಪಯ್ಯನಿಗೆ,

ನೀವು ಒಳಗಿದ್ದೀರಿ. ನಡುವೆ ಒಂದು ಬಾಗಿಲು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಬಿಡುತ್ತಾರೆ. ಆಗ ನೀವು ಕಣ್ಣು ತೆರೆಯುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಇನ್‌ಲ್ಯಾಂಡ್ ಸಿಗಲಿಲ್ಲ. ಇದು ಸಚಿನ್ ಎಂಬ ನರ್ಸ್ ಕೊಟ್ಟ ಹಾಳೆ, ಹಿಂದೆ ಯಾರದೋ ರಕ್ತದ ಚೀಟಿ ಇದೆ.

ಗುರುವಾರ ಬೆಳಿಗ್ಗೆ ಬೈಕಾಡಿಯ ಶಾಲೆಗೆ ಕೊಡಲು ಅವಳ ಜನನ ಪತ್ರ ತೆಗೆಯಬೇಕಿತ್ತು. ಹಳದಿ ಫೈಲು ಬಿಡಿಸಿದೆ. ಅದರ ಹಿಂದೆ ಕಳೆದ ವರ್ಷ ನೀವು ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಕೊಟ್ಟ ಹಾಳೆ ಇತ್ತು. ಕನ್ನಡದಲ್ಲೇ ಇತ್ತು. ಲಿಥಿಯಂ ತೆಗೆದುಕೊಳ್ಳುವವರು ಊಟದಲ್ಲಿ ಉಪ್ಪನ್ನು ಕಡಿಮೆ ಮಾಡಬಾರದು, ಬಿಡಬಾರದು. ವಾಂತಿ, ಭೇದಿ, ಹೆಚ್ಚು ಬೆವರು, ಕೈ ಜೋರಾಗಿ ನಡುಗುವುದು, ನಡಿಗೆ ತಪ್ಪುವುದು, ಮಾತು ತೊದಲುವುದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು.

ನೀವು ಬರೆದದ್ದು ಒಂದೊಂದೂ ಅಲ್ಲಿ ಅಚ್ಚಾಗಿತ್ತು. ನಿಮ್ಮ ಪತ್ರಗಳನ್ನೇ ಯಾರೋ ಮೊದಲೇ ಓದಿ ಬರೆದ ಹಾಗೆ. ಕೆಳಗೆ 'ಮನೆಯವರಿಗೆ ತಿಳಿಸಲಾಗಿದೆ' ಎಂದಿದೆ. ಅದರ ಮುಂದೆ ನನ್ನ ಸಹಿ.

ಸಹಿ ಹಾಕಿದ್ದು ನೆನಪಿದೆ. ಅವಳು ಸೊಂಟದಲ್ಲಿ ಕೂತು ಅಳುತ್ತಿದ್ದಳು. ಓದಲಿಲ್ಲ.

ಶೀನಣ್ಣನಿಗೆ ಫೋನ್ ಮಾಡಿದೆ. "ಹ್ವಾಯ್, ಅವ್ರ್ ಎಲ್ಲಿದ್ರ್?" ಅಂದೆ. "ಎಲ್ಲಿಗ್ ಹೋಪ್ದ್ ಹೆಣ್ಣೇ, ಎದ್ದ್ ನಿಂತ್ಕಂಬುಕೇ ಆತಿಲ್ಲ ಅವ್ನಿಗ್. ಕೈಕಾಲ್ ಎಲ್ಲ ಅದ್ರತಾ ಇತ್ತ್. ನಿನ್ನ್ ಅತ್ತಿ ದೈವಕ್ಕೆ ಹೇಳ್ಕಂಡ್ ಕೂಕಂಡಿತ್" ಎಂದರು. ಮಾತ್ರೆ ಕೊಡಬೇಡಿ, ಎತ್ತಿ ಗಾಡಿಗೆ ಹಾಕಿ ಎಂದೆ. ಆ ಬೆಳಿಗ್ಗೆಯ ಮಾತ್ರೆಯನ್ನು ಅತ್ತೆ ಆಗಲೇ ಬಾಯಿಗೆ ಹಾಕಿ ಆಗಿತ್ತು. ತಪ್ಪಬಾರದು ಎಂದು ಸೊಸೆ ಬರೆದಿದ್ದಾಳಲ್ಲ.

ಕುಂದಾಪುರದಲ್ಲಿ ರಕ್ತ ನೋಡಿ ಅಲ್ಲಿಂದಲೇ ಇಲ್ಲಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಟ್ಟ 3.1. ಎರಡು ಸಲ ಡಯಾಲಿಸಿಸ್ ಮಾಡಿದ್ದಾರೆ. ಡಾಕ್ಟರ್ ಪೂಜಿತಾ ನಿನ್ನೆ ಫೋನಿನಲ್ಲಿ ನನಗೆ ಬಿಡಿಸಿ ಹೇಳಿದರು. ಮೂತ್ರಪಿಂಡಕ್ಕೆ ಅಡಿಗೆಯ ಉಪ್ಪು ಯಾವುದು, ಲಿಥಿಯಂ ಯಾವುದು ಎಂಬ ಭೇದ ಚೆನ್ನಾಗಿ ತಿಳಿಯುವುದಿಲ್ಲವಂತೆ. ಊಟದಲ್ಲಿ ಉಪ್ಪು ಬಾರದಿದ್ದರೆ ಅದು ಗಾಬರಿಯಾಗಿ ಇದ್ದದ್ದನ್ನೆಲ್ಲ ಹಿಡಿದು ಇಟ್ಟುಕೊಳ್ಳುತ್ತದೆ. ಲಿಥಿಯಂ ಹೊರಗೆ ಹೋಗಬೇಕಾದ್ದು ಹೋಗುವುದಿಲ್ಲ. ನೀವು ದಿನಾ ನುಂಗಿದ್ದು ಒಳಗೇ ಉಳಿಯಿತು, ಮೆದುಳಿನಲ್ಲಿ ಕೂತಿತು. ಕೂಗು ತಗ್ಗಿಸಬೇಕಾದ್ದು ಮಾತನ್ನೇ ತೆಗೆಯಿತು. ಅವರು ನಗಲಿಲ್ಲ. ನನಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು ರಮಿತಾ ಎಂದರು, ಅಷ್ಟೇ.

ಅಶೋಕಣ್ಣ ಇಲ್ಲಿಯೇ ನೆಲದಲ್ಲಿ ಮಲಗುತ್ತಾನೆ. ಊಟ ತಂದುಕೊಟ್ಟು ದೂರ ಹೋಗಿ ನಿಲ್ಲುತ್ತಾನೆ. ನನ್ನ ಮುಖ ನೋಡುವುದಿಲ್ಲ.

ನಾನು ನಿಮ್ಮ ಅಕ್ಷರ ಅಳೆಯುತ್ತಿದ್ದೆ. ನೀವು ಏರುತ್ತೀರೋ ಎಂದು ಕಾದು ಕೂತಿದ್ದೆ. ಮುಳುಗುತ್ತಿದ್ದೀರಿ ಎಂದು ತಿಳಿಯಲಿಲ್ಲ. ಅವತ್ತು ದಡದವರು ಹಗ್ಗ ಬಿಟ್ಟರು. ನಾನು ಏನು ಬಿಟ್ಟೆ?

ಕಣ್ಣು ತೆರೆಯಿರಿ. ಬೈಯಲಿಕ್ಕಾದರೂ ತೆರೆಯಿರಿ.

ರಮಿತಾ


ಕೊಡೇರಿ
5 ಜೂನ್ 2025

ಮೋಕ್ಷಿತಾಳ ಅಪ್ಪಯ್ಯನಿಗೆ,

ನೀವು ಬೈಕಾಡಿಯಲ್ಲಿ, ನಾನು ಕೊಡೇರಿಯಲ್ಲಿ. ವಿಳಾಸ ಬರೆಯುವಾಗ ಎರಡು ಸಲ ತಪ್ಪಿತು. ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಹೋಗಬೇಕಾದವರು ಹತ್ತಿರ ಇರುವುದೇ ಸರಿ. ಅಮ್ಮ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಗೊತ್ತು, ಆದರೂ ಬಚ್ಚಲಿಗೆ ಹೋಗುವಾಗ ಅಶೋಕಣ್ಣನ ಕೈ ಹಿಡಿದುಕೊಳ್ಳಿ. ನಾಚಿಕೆ ಬೇಡ.

ಸೋಮವಾರ ಅವಳನ್ನು ಶಾಲೆಗೆ ಸೇರಿಸಿದೆ. ಇಲ್ಲಿಯ ಶಾಲೆಗೆ. ಟೀಚರ್ ಹೆಸರು ಕೇಳಿದ್ದಕ್ಕೆ ತನ್ನದರ ಜೊತೆ ನಿಮ್ಮದನ್ನೂ ಹೇಳಿದಳು. "ನಿನ್ನ್ ಹೆಸ್ರ್ ಸಾಕ್ ಮಗಾ" ಎಂದರು.

ಗೋಡೆಗೆ ಮೂರನೇ ಕೈ ನಾನು ಹೊಡೆದೆ. ಅಕ್ಷರ ಈಗ ಕಾಣುವುದಿಲ್ಲ. ಅವಳ ದೋಣಿಯನ್ನು ಅಲ್ಲಿ ಅಂಟಿಸಿದ್ದೇನೆ.

ಒಂದು ವಿಷಯ ಹೇಳಬೇಕು. ಹರಕೆಯಲ್ಲಿ ನೀವು ಮಾಡಿದ್ದು ಮೂವತ್ತೊಂದು ದಿನ. ಉಳಿದದ್ದು ಹದಿನೇಳು. ಹೇಳಿಕೊಂಡವಳು ನಾನು, ಅರ್ಧಕ್ಕೆ ಬಿಡಲು ಧೈರ್ಯವಿಲ್ಲ. ಒಂದನೇ ತಾರೀಕಿನಿಂದ ನಾನು ಸಪ್ಪೆ ಉಣ್ಣುತ್ತಿದ್ದೇನೆ. ಅತ್ತೆ ಎದುರಿಗೆ ಕೂತು ನನ್ನ ತಟ್ಟೆ ನೋಡುತ್ತಾರೆ. ನಿನ್ನೆ ಮಾತ್ರ, "ನನ್ ಮನಿಯಂಗೆ ಇನ್ನ್ ಯಾರ್ ಯಾರ್ ಉಪ್ಪ್ ಬಿಡ್ಕ್?" ಎಂದು ಎದ್ದು ಹೋದರು.

ಉತ್ತರ ಬರೆಯಲು ಕೈ ಬಾರದಿದ್ದರೆ ಬೇಡ.

ರಮಿತಾ


ಬೈಕಾಡಿ
7, 8, 9, 10 ಜೂನ್

ರಮಿತಾ,

ನಾಲ್ಕು ದಿನ ಹಿಡಿಯಿತು ಇದಕ್ಕೆ. ದಿನಕ್ಕೆ ಆರೇಳು ಸಾಲು. ಅಕ್ಷರ ನೋಡಿ ಏನೂ ಅಳೆಯಬೇಡ. ಕೈ ಹೀಗೆಯೇ ಉಳಿಯಬಹುದು, ನಡಿಗೆಯೂ. ತಿಂಗಳುಗಳು ಬೇಕು, ಪೂರ್ತಿ ಬರುತ್ತದೆ ಎಂದು ಹೇಳಲಾಗದು ಎಂದರು. ಸೂಜಿ ಹಿಡಿಯುವ ಕೆಲಸ ಇನ್ನು ನನ್ನದಲ್ಲ.

ಮಾತ್ರೆ ಈಗ ಬೇರೆ. ಹಳೆಯದಕ್ಕೆ ಮರಳುವುದೋ ಬೇಡವೋ ಎಂದು ಡಾಕ್ಟರು ಯೋಚಿಸುತ್ತಿದ್ದಾರೆ. ಹಳೆಯದರ ಮೇಲೆ ನನಗೆ ಕೋಪವಿಲ್ಲ. ಎಂಟು ತಿಂಗಳು ಅದು ನನ್ನನ್ನು ದಡದಲ್ಲಿ ಕೂರಿಸಿತು.

ನೀನು ಎಲ್ಲವನ್ನೂ ನಿನ್ನ ಮೇಲೆ ಹಾಕಿಕೊಂಡಿದ್ದೀ. ಆದ್ದರಿಂದ ಇದನ್ನು ಹೇಳಲೇಬೇಕು. ಏಪ್ರಿಲ್ ಏಳರ ನನ್ನ ಪತ್ರ ತೆಗೆದು ನೋಡು. ಒಂದು ವಿಷಯ ಕೇಳಬೇಕಿತ್ತು, ಜಾಗ ಮುಗಿಯಿತು ಎಂದು ಬರೆದಿದ್ದೆ. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇದೆ. ನೀನು ಅಕ್ಷರ ನೋಡಿದೆ, ಖಾಲಿ ಜಾಗ ನೋಡಲಿಲ್ಲ. ಉಪ್ಪಿನ ಬಗ್ಗೆ ಡಾಕ್ಟರು ಎಂತದೋ ಹೇಳಿದ್ದು ನನಗೆ ನೆನಪಿತ್ತು. ಬಿಡಬಾರದು ಎಂದರೋ, ಹೆಚ್ಚು ತಿನ್ನಬಾರದು ಎಂದರೋ, ಅದು ತಿಳಿಯದೆ ಫೈಲು ನೋಡಿ ಹೇಳು ಎಂದು ಕೇಳಬೇಕೆಂದಿದ್ದೆ. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಕೇಳಿದರೆ ನೀನು ನೆಪ ಎಂದುಕೊಳ್ಳುತ್ತಿದ್ದೆ. ಎಂಟು ತಿಂಗಳಲ್ಲಿ ನೀನು ಕೇಳಿದ್ದು ಅದೊಂದೇ. ಮಡಚಿ ಅಂಟಿಸಿಬಿಟ್ಟೆ.

ಆಮೇಲಿನ ಪತ್ರಗಳಲ್ಲಿಯೂ ಜಾಗವಿತ್ತು.

ಪತ್ರ ಬರೆದರೆ ನಾನು ಕಾಣುತ್ತೇನೆ ಎಂದು ನೀನು ಎಣಿಸಿದೆ. ಪತ್ರದಲ್ಲಿ ಮುಚ್ಚಿಡುವುದು ಬಹಳ ಸುಲಭ ರಮಿತಾ. ಸ್ಕೇಲು ಇಟ್ಟರೆ ಸಾಲು ನೇರ ಬರುತ್ತದೆ. ಸ್ವರದ ಕೆಳಗೆ ಇಡಲು ಸ್ಕೇಲು ಇಲ್ಲ. ಫೋನ್ ಮಾಡಿದ್ದರೆ ಏಪ್ರಿಲ್‌ನಲ್ಲೇ ನನ್ನ ತೊದಲು ನಿನಗೆ ಕೇಳಿಸುತ್ತಿತ್ತು. ಇನ್ನು ಪತ್ರ ಬೇಡ. ಅಶೋಕನ ಫೋನು ಸಂಜೆ ಆರಕ್ಕೆ ನನ್ನ ಪಕ್ಕದಲ್ಲಿರುತ್ತದೆ. ನನ್ನ ಮಾತು ನಿನಗೆ ಅರ್ಧ ತಿಳಿಯಬಹುದು. ಮಗಳಿಗೆ ನಗು ಬಂದರೆ ನಗಲಿ. ನಾನು ಹೆಚ್ಚು ಮಾತಾಡಿದರೆ, ವೇಗವಾಗಿ ಮಾತಾಡಿದರೆ, ನೀನೇ ಡಾಕ್ಟರಿಗೆ ಹೇಳು.

ಆ ಹದಿನೇಳು ದಿನ ಯಾರೂ ಮಾಡುವುದು ಬೇಡ. ದೈವಕ್ಕೆ ನಾನು ತಪ್ಪುಕಾಣಿಕೆ ಇಡುತ್ತೇನೆ, ಕೋಪವಿದ್ದರೆ ನನ್ನ ಮೇಲೆ ಇರಲಿ. ಇದು ತಲುಪಿದ ದಿನ ಗಂಜಿಗೆ ಉಪ್ಪು ಹಾಕಿಕೋ. ಅಮ್ಮನ ಕೈಯಲ್ಲಿ ಹಾಕಿಸಿಕೋ. ಹಾಕಿಕೊಂಡೆ ಎಂದು ಬರೆದು ಕಳಿಸಬೇಡ.

ಫೋನ್ ಮಾಡಿ ಹೇಳು. ನನಗೆ ಕೇಳಬೇಕು.

ಯೋಗೀಶ್